ಸರ್‌ನೇಮ್ ‘ಮಾರ್ಕ್‌ಗ್ರಾಫ್’ ಎಂದಿದ್ದರೆ ಅವರು ರಾಜವಂಶದವರೇ?

ಪ್ರಶ್ನೆ: ನಾನು ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ನಮ್ಮ ತಂಡದ ಮುಖ್ಯಸ್ಥರ ಸರ್‌ನೇಮ್ ಮಾರ್ಕ್‌ಗ್ರಾಫ್. ಈ ಊರು ಕಟ್ಟಿಸಿದ ದೊರೆಯನ್ನೂ ‘ಮಾರ್ಕ್‌ಗ್ರಾಫ್ ಕಾರ್ಲ್ ವಿಲ್ಹೆಲ್ಮ್’ ಎನ್ನುತ್ತಾರೆ. ಹಾಗಾದರೆ ಇವರು ಆ ವಂಶದವರೇ? ಪತ್ರ ಬರೆಯುವಾಗ ಇವರನ್ನು ಹೇಗೆ ಸಂಬೋಧಿಸಬೇಕು? ಇವರ ಮಗಳು ಮನೆತನದ ಮೂಲ ಹುಡುಕಬೇಕು ಅಂತಿದ್ದಾಳೆ, ಎಲ್ಲಿಂದ ಶುರು ಮಾಡಬೇಕು?

ಉತ್ತರ: ಆ ವಂಶದವರಲ್ಲ ಎಂದೇ ಹಿಡಿದುಕೊಂಡು ಹೊರಡಿ. ಜರ್ಮನಿಯಲ್ಲಿ ಬರಿಯ ‘ಮಾರ್ಕ್‌ಗ್ರಾಫ್’ ಎಂಬ ಸರ್‌ನೇಮ್ ಇರುವವರು ಸಾಮಾನ್ಯವಾಗಿ ರೈತ, ಕುಶಲಕರ್ಮಿ, ವ್ಯಾಪಾರಿ ಮನೆತನಗಳವರು. ಆಳಿದ ಮಾರ್ಕ್‌ಗ್ರಾಫ್‌ಗಳ ವಂಶಸ್ಥರು ಈ ಸರ್‌ನೇಮ್ ಇಟ್ಟುಕೊಳ್ಳಲೇ ಇಲ್ಲ.

ಕನ್ನಡಿಗರಿಗೆ ಇದು ವಿಚಿತ್ರ ಅನ್ನಿಸುವುದು ಸಹಜ. ನಮ್ಮಲ್ಲಿ ದೇಸಾಯಿ, ಕುಲಕರ್ಣಿ, ನಾಡಗೌಡ, ಪಾಟೀಲ ಎಂಬ ಹೆಸರುಗಳ ಹಿಂದೆ ಸಾಮಾನ್ಯವಾಗಿ ನಿಜವಾದ ವತನ ಇರುತ್ತದೆ. ಅಜ್ಜನೋ ಮುತ್ತಜ್ಜನೋ ಆ ಹುದ್ದೆ ನಡೆಸಿರುತ್ತಾನೆ, ಹುದ್ದೆ ಹೋದರೂ ಹೆಸರು ಉಳಿದಿರುತ್ತದೆ. ಅದೇ ಲೆಕ್ಕವನ್ನು ಜರ್ಮನ್ ಹೆಸರುಗಳಿಗೆ ಹಾಕಿದರೆ ತಪ್ಪುತ್ತದೆ. ಅಲ್ಲಿ ಶ್ಮಿಟ್ ಎಂದರೆ ಕಮ್ಮಾರನ ಮನೆ, ಮ್ಯುಲರ್ ಎಂದರೆ ಗಿರಣಿಯವನ ಮನೆ. ಇಷ್ಟರ ಮಟ್ಟಿಗೆ ನಮ್ಮ ಲೆಕ್ಕ ಸರಿ. ಆದರೆ ಕೈಸರ್ (ಚಕ್ರವರ್ತಿ), ಕ್ಯೋನಿಗ್ (ರಾಜ), ಹೆರ್ತ್ಸೋಗ್ (ಡ್ಯೂಕ್), ಬಿಷಫ್ (ಬಿಷಪ್), ಪಾಪ್ಸ್ಟ್ (ಪೋಪ್), ಮಾರ್ಕ್‌ಗ್ರಾಫ್ ಎಂಬ ದೊಡ್ಡ ಪದವಿಗಳ ಹೆಸರಿಗೆ ಬಂದಾಗ ಅದು ನಿಲ್ಲುವುದಿಲ್ಲ. ಪೋಪ್ ಎಂದು ಹೆಸರಿದ್ದವನ ಅಜ್ಜ ಪೋಪ್ ಆಗಿರಲಿಲ್ಲವಷ್ಟೆ.

ಮೊದಲು ಪದವಿಯ ಸಂಗತಿ ನೋಡೋಣ. ‘ಮಾರ್ಕ್’ ಎಂದರೆ ಗಡಿನಾಡು, ‘ಗ್ರಾಫ್’ ಎಂದರೆ ರಾಜನ ಪರವಾಗಿ ಒಂದು ಸೀಮೆ ನೋಡಿಕೊಳ್ಳುವ ಅಧಿಕಾರಿ. ಎಂಟನೇ ಶತಮಾನದ ಕೊನೆಯಲ್ಲಿ ಫ್ರಾಂಕ್ ಜನರ ರಾಜ ಶಾರ್ಲಮೇನ್ ತನ್ನ ರಾಜ್ಯದ ಅಂಚಿನಲ್ಲಿ ಬ್ರಿಟನಿ, ಸ್ಪೇನ್, ಫ್ರಿಯೂಲಿ ಕಡೆ ಇಂಥ ಗಡಿನಾಡುಗಳನ್ನು ಏರ್ಪಡಿಸಿದ. ಒಳನಾಡಿನ ಗ್ರಾಫ್‌ನಂತೆ ಗಡಿಯ ಗ್ರಾಫ್ ಸಹ ಮೊದಲಿಗೆ ರಾಜನ ನೌಕರನೇ. ಆದರೆ ವೈರಿ ಬಂದು ಬಾಗಿಲು ಬಡಿಯುವಾಗ ರಾಜನ ಅಪ್ಪಣೆಗೆ ಕಾಯುತ್ತ ಕೂರಲಾಗುವುದಿಲ್ಲ. ಹಾಗಾಗಿ ತಾನೇ ಸೈನ್ಯ ಕೂಡಿಸುವ, ಕೋಟೆ ಕಟ್ಟುವ, ಹಲವು ಸೀಮೆಗಳನ್ನು ಒಟ್ಟಿಗೆ ಹಿಡಿಯುವ ಅಧಿಕಾರ ಅವನಿಗೆ ಸಿಕ್ಕಿತು. ಪದವಿ ಬೆಳೆದದ್ದು ಅಲ್ಲಿಂದಲೇ.

ಈ ವ್ಯತ್ಯಾಸ ಕಣ್ಣಿಗೆ ಕಟ್ಟುವಂತೆ ಕಾಣುವುದು ನ್ಯಾಯಪೀಠದಲ್ಲಿ. ಹದಿಮೂರನೇ ಶತಮಾನದ ಮೊದಲ ಭಾಗದಲ್ಲಿ ಐಕೆ ಫಾನ್ ರೆಪ್ಗೌ ಬರೆದಿಟ್ಟ ಸ್ಯಾಕ್ಸನ್ ಕಾನೂನು ಗ್ರಂಥ ‘ಜಾಕ್ಸೆನ್‌ಶ್ಪೀಗೆಲ್’ ಪ್ರಕಾರ ಸಾಮಾನ್ಯ ಗ್ರಾಫ್ 18 ವಾರಕ್ಕೊಮ್ಮೆ, ರಾಜನ ಹೆಸರಿನಲ್ಲಿ ಪಂಚಾಯಿತಿ ನಡೆಸಬೇಕು. ಮಾರ್ಕ್‌ಗ್ರಾಫ್ 6 ವಾರಕ್ಕೊಮ್ಮೆ ನಡೆಸುತ್ತಾನೆ, ಅದೂ ತನ್ನದೇ ಅಧಿಕಾರದ ಮೇಲೆ. ರಾಜನ ಹೆಸರು ಹೇಳದೆ ತೀರ್ಪು ಕೊಡುವವನು ನೌಕರನಾಗಿ ಎಷ್ಟು ದಿನ ಉಳಿದಾನು? ಹನ್ನೆರಡನೇ ಶತಮಾನ ಮುಗಿಯುವ ಹೊತ್ತಿಗೆ ಮಾರ್ಕ್‌ಗ್ರಾಫ್‌ಗಳು ಅಂದಿನ ಜರ್ಮನ್ ನಾಡುಗಳ ಪವಿತ್ರ ರೋಮನ್ ಸಾಮ್ರಾಜ್ಯದ ರಾಜಕುಲದವರ ಸಾಲಿನಲ್ಲಿ ಕೂತಿದ್ದರು. ಡ್ಯೂಕ್‌ಗಿಂತ ಒಂದು ಮೆಟ್ಟಿಲು ಕೆಳಗೆ, ಗ್ರಾಫ್‌ಗಿಂತ ಮೇಲೆ.

ಪೂರ್ವದ ಗಡಿಯಲ್ಲಿ ಇದು ನಡೆದ ಬಗೆ ತಿಳಿದರೆ ಮುಂದಿನದು ಸುಲಭ. 937ರಲ್ಲಿ ಜರ್ಮನ್ ರಾಜ ಒಂದನೇ ಓಟೋ ಎಲ್ಬೆ ಮತ್ತು ಸಾಲೆ ನದಿಗಳಾಚೆಯ ಸ್ಲಾವ್ ಜನರ ಮೇಲೆ ಗೇರೋ ಎಂಬುವನನ್ನು ನೇಮಿಸಿದ. ಗೇರೋ 965ರಲ್ಲಿ ತೀರಿಕೊಂಡಾಗ ಅವನ ದೊಡ್ಡ ಗಡಿನಾಡನ್ನು ಹಲವು ತುಂಡು ಮಾಡಿದರು. ಉತ್ತರದ ತುಂಡು 983ರ ಸ್ಲಾವ್ ದಂಗೆಯಲ್ಲಿ ಕೈತಪ್ಪಿ ಹೋಯಿತು. ನೂರೈವತ್ತು ವರ್ಷ ಅದು ಬರೀ ಕಾಗದದ ಮೇಲಿನ ಗಡಿನಾಡು. 1134ರಲ್ಲಿ ಆ ಹಕ್ಕು ಪಡೆದ ‘ಕರಡಿ’ ಆಲ್ಬ್ರೆಕ್ಟ್ 1157ರಲ್ಲಿ ಬ್ರಾಂಡೆನ್‌ಬುರ್ಗ್ ಕೋಟೆ ಹಿಡಿದು ಅಲ್ಲಿನ ಮಾರ್ಕ್‌ಗ್ರಾಫ್ ಎಂದು ಕರೆಸಿಕೊಂಡ. 1356ರ ಸ್ವರ್ಣ ಶಾಸನದಲ್ಲಿ ಚಕ್ರವರ್ತಿಯನ್ನು ಆರಿಸುವ ಏಳು ಜನರಲ್ಲಿ ಬ್ರಾಂಡೆನ್‌ಬುರ್ಗಿನ ಮಾರ್ಕ್‌ಗ್ರಾಫ್‌ಗೂ ಒಂದು ಮತ. 1415ರಲ್ಲಿ ಆ ನಾಡು ಹೋಹೆನ್‌ಟ್ಸೊಲರ್ನ್ ಮನೆತನಕ್ಕೆ ಬಂತು. ಅದೇ ಮನೆತನ 1701ರಲ್ಲಿ ಪ್ರಶ್ಯದ ಕಿರೀಟ ಧರಿಸಿತು. ದಕ್ಷಿಣದ ತುಂಡು ಮೈಸೆನ್. 1123ರಿಂದ ವೆಟಿನ್ ಮನೆತನದ ಕೈಯಲ್ಲಿದ್ದು 1423ರಲ್ಲಿ ಸ್ಯಾಕ್ಸನಿಯ ಮತದಾರ ದೊರೆತನಕ್ಕೆ ಏರಿತು. ಆಸ್ಟ್ರಿಯವೂ ಹೀಗೆಯೇ: 976ರಲ್ಲಿ ಬಾಬೆನ್‌ಬೆರ್ಗ್ ಮನೆತನದ ಲಿಯೊಪೋಲ್ಡ್‌ನಿಗೆ ಸಿಕ್ಕ ಗಡಿನಾಡು 1156ರಲ್ಲಿ ಡ್ಯೂಕ್ ಪದವಿಗೆ ಏರಿತು.

ಬಾಡೆನ್ ಈ ಸಾಲಿಗೆ ಸೇರುವುದಿಲ್ಲ. ನೀವಿರುವ ಊರಿನ ವಿಷಯವಾದ್ದರಿಂದ ಸ್ವಲ್ಪ ನಿಲ್ಲೋಣ. ಬಾಡೆನ್ ಯಾವ ಕಾಲಕ್ಕೂ ಗಡಿ ಕಾಯುವ ನಾಡಾಗಿರಲಿಲ್ಲ. ಆ ಮನೆತನದ ಹಿರಿಯರು ಆಲ್ಪ್ಸ್ ಆಚೆಗಿನ ವೆರೋನಾ ಗಡಿನಾಡಿನ ಪದವಿ ಹೊಂದಿದ್ದರು. ಎರಡನೇ ಹೆರ್ಮಾನ್ ಆ ಪದವಿಯನ್ನು ತನ್ನ ಬಾಡೆನ್ ಕೋಟೆಗೆ ಅಂಟಿಸಿಕೊಂಡ. 1112ರ ದಾಖಲೆಯಲ್ಲಿ ‘ಬಾಡೆನ್ನಿನ ಮಾರ್ಕ್‌ಗ್ರಾಫ್’ ಎಂದು ಮೊದಲು ಕಾಣುತ್ತದೆ. ಗಡಿ ಇಟಲಿಯಲ್ಲೇ ಉಳಿಯಿತು, ಪದವಿ ಮಾತ್ರ ರೈನ್ ದಡಕ್ಕೆ ಬಂತು. 1535ರಲ್ಲಿ ಆ ನಾಡು ಬಾಡೆನ್-ಬಾಡೆನ್, ಬಾಡೆನ್-ದುರ್ಲಾಖ್ ಎಂದು ಎರಡಾಯಿತು. ನಿಮ್ಮ ಕಾರ್ಲ್ ವಿಲ್ಹೆಲ್ಮ್ ಎರಡನೇ ಶಾಖೆಯವನು. 1715ರಲ್ಲಿ ಅರಮನೆಯ ಗೋಪುರದಿಂದ 32 ದಾರಿಗಳು ಕಿರಣಗಳಂತೆ ಹೊರಡುವ ಹಾಗೆ ಊರು ಹಾಕಿಸಿದ. ಮಾರುಕಟ್ಟೆ ಚೌಕದ ಪಿರಮಿಡ್ಡಿನಡಿ ಅವನ ಸಮಾಧಿಯಿದೆ. 1771ರಲ್ಲಿ ಎರಡೂ ಶಾಖೆಗಳು ಒಂದಾದವು. 1806ರಲ್ಲಿ ದೊರೆ ಮಹಾಡ್ಯೂಕ್ ಆದಮೇಲೆ ಆಳುವ ಮಾರ್ಕ್‌ಗ್ರಾಫ್ ಎಂಬುದು ಬಾಡೆನ್ನಿನಲ್ಲಿ ಮುಗಿಯಿತು. ಆ ದೊರೆಗಳ ನೆನಪು ದಕ್ಷಿಣದಲ್ಲಿ ಇನ್ನೂ ನೆಲದ ಹೆಸರಾಗಿಯೇ ಉಳಿದಿದೆ: ದ್ರಾಕ್ಷಿ ತೋಟಗಳ ಮಾರ್ಕ್‌ಗ್ರೇಫ್ಲರ್‌ಲಾಂಡ್. 1834ರಲ್ಲಿ ಮಂಗಳೂರಿಗೆ ಮಿಷನರಿಗಳನ್ನು ಕಳಿಸಿದ ಬಾಸೆಲ್ ನಗರ ಆ ಸೀಮೆಗೆ ತಾಗಿಕೊಂಡೇ ಇದೆ.

ಫ್ರಾಂಕೋನಿಯದ ಆನ್ಸ್‌ಬಾಖ್ ಮತ್ತು ಬೈರಾಯ್ಟ್ ಕಥೆ ಇನ್ನೊಂದು ಬಗೆ. ಅವು ಗಡಿಯೂ ಅಲ್ಲ, ಬ್ರಾಂಡೆನ್‌ಬುರ್ಗಿಗೆ ಹತ್ತಿರವೂ ಅಲ್ಲ. ಅಲ್ಲಿ ಆಳುತ್ತಿದ್ದವರು ಹೋಹೆನ್‌ಟ್ಸೊಲರ್ನ್ ಮನೆತನದ ಕಿರಿಯ ಶಾಖೆಗಳು. ಆ ಮನೆತನದ ಗಂಡುಮಕ್ಕಳೆಲ್ಲ ‘ಬ್ರಾಂಡೆನ್‌ಬುರ್ಗಿನ ಮಾರ್ಕ್‌ಗ್ರಾಫ್’ ಎಂದು ಕರೆಸಿಕೊಳ್ಳುತ್ತಿದ್ದುದರಿಂದ ಅವರು ಆಳಿದ ಜಾಗಕ್ಕೂ ಅದೇ ಹೆಸರು ಬಂತು. ಬೈರಾಯ್ಟ್‌ನಲ್ಲಿ 1740ರ ದಶಕದಲ್ಲಿ ಕಟ್ಟಿದ ಮಾರ್ಕ್‌ಗ್ರಾಫ್‌ಗಳ ಒಪೆರಾ ಮನೆ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ; ಅವಕಾಶ ಸಿಕ್ಕರೆ ಒಳಗಿನ ಮರದ ಕೆಲಸ ನೋಡಿ ಬನ್ನಿ. ಆನ್ಸ್‌ಬಾಖ್ ಮತ್ತು ಬೈರಾಯ್ಟ್ ಎರಡನ್ನೂ ಆಳಿದ ಕೊನೆಯ ಮಾರ್ಕ್‌ಗ್ರಾಫ್ ಕಾರ್ಲ್ ಅಲೆಕ್ಸಾಂಡರ್ 1791ರಲ್ಲಿ ನಾಡನ್ನು ಪ್ರಶ್ಯಕ್ಕೆ ಬಿಟ್ಟುಕೊಟ್ಟು, ಬದಲಿಗೆ ವರ್ಷಾಶನ ಪಡೆದು ಇಂಗ್ಲೆಂಡಿನಲ್ಲಿ ನೆಲೆಸಿದ. ಸಂಗೀತ ರಚನೆಕಾರ ಬಾಖ್ 1721ರ ಮಾರ್ಚ್ 24ರಂದು ಆರು ಕಾನ್ಸರ್ಟೊಗಳನ್ನು ಅರ್ಪಿಸಿದ ‘ಬ್ರಾಂಡೆನ್‌ಬುರ್ಗಿನ ಮಾರ್ಕ್‌ಗ್ರಾಫ್’ ಕ್ರಿಸ್ಟಿಯಾನ್ ಲುಡ್ವಿಗ್ ಬ್ರಾಂಡೆನ್‌ಬುರ್ಗ್ ಆಳಿದವನೇ ಅಲ್ಲ, ಆಗಿನ ಪ್ರಶ್ಯದ ದೊರೆಯ ಚಿಕ್ಕಪ್ಪ.

ಅಂದರೆ ದಾಖಲೆಯಲ್ಲಿ ‘ಮಾರ್ಕ್‌ಗ್ರಾಫ್’ ಕಂಡಾಗ ಅದು ಆಳುವ ದೊರೆ ಇರಬಹುದು, ದೊರೆಯ ತಮ್ಮ ಇರಬಹುದು, ಇಲ್ಲವೇ ಬೇಕರಿಯವನ ಸರ್‌ನೇಮ್ ಇರಬಹುದು. ಮೊದಲ ಎರಡನ್ನು ಮೂರನೆಯದರಿಂದ ಬೇರ್ಪಡಿಸುವುದು ಕಷ್ಟವಲ್ಲ. ಪದವಿಯಾದರೆ ಅದು ಹೆಚ್ಚಾಗಿ ಕ್ರೈಸ್ತ ಹೆಸರಿಗೆ, ಅಂದರೆ ವ್ಯಕ್ತಿಯ ಸ್ವಂತ ಹೆಸರಿಗೆ, ಮೊದಲು ಬರುತ್ತದೆ, ಕೊನೆಯಲ್ಲಿ ‘ಫಾನ್’ (ಇಂಥ ನಾಡಿನ) ಎಂದು ನಾಡಿನ ಹೆಸರಿರುತ್ತದೆ: ‘ಮಾರ್ಕ್‌ಗ್ರಾಫ್ ಕಾರ್ಲ್ ವಿಲ್ಹೆಲ್ಮ್ ಫಾನ್ ಬಾಡೆನ್-ದುರ್ಲಾಖ್’. ಸರ್‌ನೇಮ್ ಆದರೆ ಕ್ರೈಸ್ತ ಹೆಸರಿನ ನಂತರ ಬರುತ್ತದೆ, ನಾಡಿನ ಹೆಸರು ಇರುವುದಿಲ್ಲ: ‘ಹಾನ್ಸ್ ಮಾರ್ಕ್‌ಗ್ರಾಫ್’.

ಆಳಿದ ಮನೆತನಗಳಿಂದ ಈ ಸರ್‌ನೇಮ್ ಏಕೆ ಹುಟ್ಟಲಿಲ್ಲ? ಅವರಿಗೆ ಸರ್‌ನೇಮ್ ಬೇಕಾಗಿಯೇ ಇರಲಿಲ್ಲ. ಕ್ರೈಸ್ತ ಹೆಸರು, ಪದವಿ, ನಾಡು ಇಷ್ಟರಲ್ಲೇ ಗುರುತು ಮುಗಿಯುತ್ತಿತ್ತು. ನಾಡು ಹಂಚಿಹೋದರೂ ಪದವಿ ಮತ್ತು ನಾಡಿನ ಹೆಸರು ಜೋಡಿಯಾಗಿಯೇ ಹೋಗುತ್ತಿದ್ದವು. ‘ಹಾಗಾದರೆ ಮದುವೆಯಾಚೆ ಹುಟ್ಟಿದ ಮಕ್ಕಳ ವಂಶ ಇರಬಹುದಲ್ಲ’ ಎಂದು ಹಲವರು ಊಹಿಸುತ್ತಾರೆ. ಆ ಮಕ್ಕಳಿಗೆ ಏನಾಯಿತು ಎಂಬುದಕ್ಕೂ ದಾಖಲೆಯಿದೆ. ಆನ್ಸ್‌ಬಾಖ್‌ನ ಮಾರ್ಕ್‌ಗ್ರಾಫ್ ಕಾರ್ಲ್ ವಿಲ್ಹೆಲ್ಮ್ ಫ್ರೀಡ್ರಿಖ್‌ಗೆ ಗಿಡುಗ ಹಾರಿಸಿ ಬೇಟೆಯಾಡುವುದೆಂದರೆ ಪ್ರಾಣ. ಅವನ ಹೊರಸಂಬಂಧದ ಮಕ್ಕಳಿಗೆ ಸಿಕ್ಕ ಹೆಸರು ‘ಫಾನ್ ಫಾಲ್ಕೆನ್‌ಹೌಸೆನ್’, ಗಿಡುಗದ ಮನೆಯವರು. ಆ ವಂಶ ಇಂದಿಗೂ ಅದೇ ಹೆಸರಿನಲ್ಲಿದೆ. ಬಾಡೆನ್‌ನ ಕಾರ್ಲ್ ಫ್ರೀಡ್ರಿಖ್ ಎರಡನೇ ಮದುವೆಯಾದದ್ದು ತನಗಿಂತ ಕೆಳಗಿನ ಅಂತಸ್ತಿನವಳನ್ನು. ಅವಳಿಗೂ ಮಕ್ಕಳಿಗೂ ಮೊದಲು ಸಿಕ್ಕದ್ದು ಹೋಖ್‌ಬೆರ್ಗ್ ಎಂಬ ಹೆಸರು. 1817ರಲ್ಲಿ ಗಂಡುಮಕ್ಕಳನ್ನು ರಾಜವಂಶಕ್ಕೆ ಸೇರಿಸಿಕೊಂಡಾಗಲೂ ಅವರಿಗೆ ಬಂದದ್ದು ನಾಡಿನ ಹೆಸರು ಸೇರಿದ ಪದವಿ, ಸರ್‌ನೇಮ್ ಅಲ್ಲ. ದೊರೆಯ ರಕ್ತವನ್ನು ಒಪ್ಪಿಕೊಂಡ ಕಡೆಯೂ ಪದವಿಯನ್ನು ಬರಿಯ ಸರ್‌ನೇಮ್ ಆಗಲು ಬಿಡಲಿಲ್ಲ. ನನ್ನ ಮಟ್ಟಿಗೆ ಈ ಪ್ರಶ್ನೆಗೆ ಇದಕ್ಕಿಂತ ಬಲವಾದ ಉತ್ತರ ಇಲ್ಲ.

ಹಾಗಾದರೆ ಸಾಮಾನ್ಯರಿಗೆ ಈ ಹೆಸರು ಬಂದದ್ದು ಹೇಗೆ? ಜರ್ಮನ್ ನಾಡುಗಳಲ್ಲಿ ಸರ್‌ನೇಮ್‌ಗಳು ಹನ್ನೆರಡನೇ ಶತಮಾನದಿಂದ ಪಶ್ಚಿಮ ಮತ್ತು ದಕ್ಷಿಣದ ಪಟ್ಟಣಗಳಲ್ಲಿ ಮೊದಲಾಗಿ ನಿಧಾನವಾಗಿ ಹಳ್ಳಿಗಳಿಗೆ ಹರಡಿದವು. ಒಂದೇ ಬೀದಿಯಲ್ಲಿ ಐದಾರು ಹಾನ್ಸ್‌ಗಳಿದ್ದರೆ ತೆರಿಗೆ ಬರೆಯುವವನು ಗುರುತಿಗೆ ಏನಾದರೊಂದು ಸೇರಿಸಬೇಕಿತ್ತು. ಮಾರ್ಕ್‌ಗ್ರಾಫ್ ಎಂಬುದು ಹಾಗೆ ಸೇರಿಕೊಳ್ಳಲು ಮುಖ್ಯವಾಗಿ ಎರಡು ದಾರಿ. ಒಂದು, ಮಾರ್ಕ್‌ಗ್ರಾಫ್ ದೊರೆಯ ಸೇವೆಯಲ್ಲಿದ್ದವನು, ಅವನ ಜಮೀನು ಗೇಣಿಗೆ ಮಾಡಿದವನು, ಅವನಿಗೆ ತೆರಿಗೆಯೋ ಬಿಟ್ಟಿಯೋ ಸಲ್ಲಿಸುವವನು. ಅಕ್ಕಪಕ್ಕದವರು ಮಠದ ಒಕ್ಕಲಾಗಿದ್ದು ಇವನೊಬ್ಬ ದೊರೆಯ ಒಕ್ಕಲಾಗಿದ್ದರೆ ಆ ವ್ಯತ್ಯಾಸವೇ ಹೆಸರು. ಎರಡು, ಬರೀ ಅಡ್ಡಹೆಸರು: ಗತ್ತಿನಿಂದ ನಡೆಯುವವನು, ದೊರೆಯ ಹಾಗೆ ಉಡುವವನು, ಊರ ಆಟದಲ್ಲಿ ದೊರೆಯ ಪಾತ್ರ ಕಟ್ಟಿದವನು. ಇವೆರಡರ ಜೊತೆಗೆ, ಮನೆಗಳಿಗೆ ಸಂಖ್ಯೆ ಬರುವ ಮುಂಚೆ ಪಟ್ಟಣಗಳಲ್ಲಿ ಮನೆ ಗುರುತಿಸುತ್ತಿದ್ದುದು ಬಾಗಿಲ ಮೇಲಿನ ಚಿತ್ರ ಅಥವಾ ಹೆಸರಿನಿಂದ. ಅಂಥ ಮನೆಯಲ್ಲಿದ್ದವನಿಗೆ ಮನೆಯ ಹೆಸರೇ ಅಂಟುವುದೂ ಇತ್ತು. ಈ ದಾರಿಗಳಲ್ಲಿ ಒಂದು ಮನೆತನದ್ದು ಯಾವುದು ಎಂದು ಬರೀ ಹೆಸರು ನೋಡಿ ಹೇಳಲಾಗದು. ಬೇರೆ ಬೇರೆ ಊರಿನಲ್ಲಿ ಬೇರೆ ಬೇರೆ ಕಾರಣಕ್ಕೆ ಹುಟ್ಟಿದ ಹೆಸರು ಇದು, ಆದ್ದರಿಂದ ಮಾರ್ಕ್‌ಗ್ರಾಫ್‌ಗಳೆಲ್ಲ ಒಬ್ಬರಿಗೊಬ್ಬರು ನೆಂಟರಲ್ಲ.

ಒಂದು ಎಚ್ಚರ: ಬರೀ ‘ಗ್ರಾಫ್’ ಎಂಬ ಸರ್‌ನೇಮ್‌ನ ವಿಚಾರ ಬೇರೆ. ಗ್ರಾಫ್, ಗ್ರೇವೆ, ಗ್ರೇಬೆ ಎಂಬವು ಉತ್ತರ ಜರ್ಮನಿ ಮತ್ತು ಹೆಸ್ಸೆ ಕಡೆ ಊರ ಮುಖ್ಯಸ್ಥನ ಹುದ್ದೆಗೂ, ಕಡಲ ದಂಡೆಯಲ್ಲಿ ಏರಿಯ ಮೇಲ್ವಿಚಾರಕನಿಗೂ ಇದ್ದ ಹೆಸರು. ಅಲ್ಲಿ ಹುದ್ದೆಯಿಂದಲೇ ಹೆಸರು ಬಂದಿರಬಹುದು. ಆ ವಿವರಣೆಯನ್ನು ಮಾರ್ಕ್‌ಗ್ರಾಫ್‌ಗೆ ಎಳೆದು ತರಬಾರದು.

ಈ ಹೆಸರಿನ ಪ್ರಸಿದ್ಧರನ್ನು ನೋಡಿದರೂ ಇದೇ ಕಾಣುತ್ತದೆ. ಬರ್ಲಿನ್ನಿನ ರಸಾಯನ ವಿಜ್ಞಾನಿ ಆಂಡ್ರೆಯಾಸ್ ಸಿಗಿಸ್ಮುಂಡ್ ಮಾರ್ಗ್‌ಗ್ರಾಫ್ (1709–1782) ಔಷಧಿ ಅಂಗಡಿಯವನ ಮಗ. 1747ರಲ್ಲಿ ಅವನು ಬೀಟ್ ಗೆಡ್ಡೆಯನ್ನು ಒಣಗಿಸಿ, ಪುಡಿ ಮಾಡಿ, ಮದ್ಯಸಾರದಲ್ಲಿ ಕುದಿಸಿ ಸೋಸಿದ. ದ್ರಾವಣ ನಿಧಾನವಾಗಿ ಹರಳುಗಟ್ಟಿದಾಗ ಸೂಕ್ಷ್ಮದರ್ಶಕದಲ್ಲಿ ನೋಡಿ ಅದು ಕಬ್ಬಿನ ಸಕ್ಕರೆಯೇ ಎಂದು ತೋರಿಸಿದ. ಅವನ ಶಿಷ್ಯ ಫ್ರಾಂಟ್ಸ್ ಕಾರ್ಲ್ ಆಖಾರ್ಡ್ ಮುಂದೆ ಸಿಲೇಸಿಯದ ಕುನೆರ್ನ್‌ನಲ್ಲಿ ಮೊದಲ ಬೀಟ್ ಸಕ್ಕರೆ ಕಾರ್ಖಾನೆ ಹಾಕಿದ. ಮದ್ದೂರಿನ ಕಬ್ಬಿನ ಗದ್ದೆಯಿಂದ ಬಂದವರಿಗೂ ಯುರೋಪಿನ ಸಕ್ಕರೆ ಗೆಡ್ಡೆಯಿಂದ ಏಕೆ ಬರುತ್ತದೆ ಎಂಬುದಕ್ಕೆ ಉತ್ತರ ಈ ಮನುಷ್ಯ. ಇನ್ನೊಬ್ಬ, ಸ್ಯಾಕ್ಸನಿಯ ಲೀಬ್‌ಷ್ಟಾಟ್‌ನಲ್ಲಿ 1610ರಲ್ಲಿ ಹುಟ್ಟಿದ ಗೆಯೋರ್ಗ್. 1638ರಲ್ಲಿ ಡಚ್ಚರ ಜೊತೆ ಬ್ರೆಜಿಲ್‌ಗೆ ಹೋಗಿ ಅಲ್ಲಿನ ಗಿಡ, ಮೀನು, ಹಕ್ಕಿ, ನಕ್ಷತ್ರಗಳನ್ನು ದಾಖಲಿಸಿದವನು. ಅವನ ಬರಹ ಸೇರಿದ ಬ್ರೆಜಿಲ್‌ನ ಪ್ರಕೃತಿ ಇತಿಹಾಸ ಹೊರಬಂದದ್ದು 1648ರಲ್ಲಿ, ಅವನು ತೀರಿಕೊಂಡ ಮೇಲೆ. ಅವನು ತನ್ನ ಹೆಸರನ್ನು ಲ್ಯಾಟಿನ್ ಧಾಟಿಯಲ್ಲಿ ಮಾರ್ಕ್‌ಗ್ರಾವಿಯುಸ್ ಎಂದು ಬರೆಯುತ್ತಿದ್ದ. ಮಾರ್ಕ್‌ಗ್ರಾವಿಯ ಎಂಬ ಬಳ್ಳಿಯ ಕುಲಕ್ಕೆ ಆ ಹೆಸರು ನಿಂತಿದೆ. ಇಪ್ಪತ್ತನೇ ಶತಮಾನದ ಸಸ್ಯಶಾಸ್ತ್ರಜ್ಞ ಫ್ರೀಡ್ರಿಖ್ ಮಾರ್ಕ್‌ಗ್ರಾಫ್ (1897–1987) ಮೂರನೆಯವನು. ನೀಟಮ್ ಕುಲದ ಗಿಡಬಳ್ಳಿಗಳ ಮೇಲೆ ಅವನು ಕೂಲಂಕಷವಾಗಿ ಕೆಲಸ ಮಾಡಿದ್ದರಿಂದ ಆ ಕುಲದ ಹಲವು ಪ್ರಭೇದಗಳ ಹೆಸರಿನ ಕೊನೆಯಲ್ಲಿ ಅವನ ಹೆಸರಿನ ಸಂಕ್ಷೇಪ ಇರುತ್ತದೆ. ಮೂವರಲ್ಲಿ ಒಬ್ಬರ ಹೆಸರಿನಲ್ಲೂ ‘ಫಾನ್’ ಇಲ್ಲ, ನಾಡಿನ ಹೆಸರೂ ಇಲ್ಲ.

ಈಗ ಕಾನೂನು. 1919ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ವೈಮಾರ್ ಸಂವಿಧಾನದ 109ನೇ ವಿಧಿ ಹುಟ್ಟಿನಿಂದ ಬರುವ ವಿಶೇಷ ಹಕ್ಕುಗಳನ್ನು ತೆಗೆದುಹಾಕಿತು. ಗ್ರಾಫ್, ಪ್ರಿನ್ಸ್, ಫಾನ್ ಮುಂತಾದವು ಇನ್ನು ಮುಂದೆ ಹೆಸರಿನ ಭಾಗ ಮಾತ್ರ, ಹೊಸದಾಗಿ ಯಾರಿಗೂ ಕೊಡುವಂತಿಲ್ಲ ಎಂದಿತು. ಆಸ್ಟ್ರಿಯ ಅದೇ ವರ್ಷದ ಏಪ್ರಿಲ್‌ನಲ್ಲಿ ಇನ್ನೂ ಕಠಿಣವಾಗಿ ಪದವಿಯನ್ನೂ ‘ಫಾನ್’ ಅನ್ನೂ ಪೂರ್ತಿ ನಿಷೇಧಿಸಿತು. ಹುಟ್ಟಿನಿಂದ ಸಾಮಾನ್ಯ ಸರ್‌ನೇಮ್ ಆಗಿ ಮಾರ್ಕ್‌ಗ್ರಾಫ್ ಇದ್ದವರಿಗೆ ಎರಡೂ ಕಡೆ ಏನೂ ಬದಲಾಗಲಿಲ್ಲ. ಇಂದು ಬಾಡೆನ್ ಮನೆತನದ ಯಜಮಾನ ‘ಬಾಡೆನ್ನಿನ ಮಾರ್ಕ್‌ಗ್ರಾಫ್’ ಎಂದು ಕರೆಸಿಕೊಳ್ಳುತ್ತಾರೆ. ಸ್ಯಾಕ್ಸನಿಯ ಹಳೆಯ ರಾಜಮನೆತನದ ಯಜಮಾನನನ್ನು ‘ಮೈಸೆನ್ನಿನ ಮಾರ್ಕ್‌ಗ್ರಾಫ್’ ಎಂದು ಕರೆಯುವ ರೂಢಿ 1932ರಿಂದ ಇದೆ. 2012ರ ನಂತರ ಅದು ಯಾರಿಗೆ ಸಲ್ಲಬೇಕು ಎಂಬ ಜಗಳವೂ ನಡೆದಿದೆ. ಆ ಜಗಳ ಮನೆತನದೊಳಗಿನ ಹಿರಿತನದ್ದು. ಅದರಿಂದ ಯಾರಿಗೂ ಆಡಳಿತದ ಅಧಿಕಾರ ಬರುವುದಿಲ್ಲ.

ಕಚೇರಿಯಲ್ಲಿ ನಿಮಗೆ ತಕ್ಷಣ ಉಪಯೋಗಕ್ಕೆ ಬರುವ ಗುರುತು ಒಂದಿದೆ: ಹೆಂಗಸರ ಹೆಸರು ನೋಡಿ. ಪದವಿಯಿಂದ ಬಂದ ಹೆಸರಾದರೆ ಅದು ಲಿಂಗಕ್ಕೆ ತಕ್ಕಂತೆ ಬದಲಾಗುತ್ತದೆ. ಗಂಡಸು ಗ್ರಾಫ್ ಆದರೆ ಹೆಂಗಸು ಗ್ರೇಫಿನ್; 1926ರಲ್ಲಿ ಜರ್ಮನಿಯ ಸರ್ವೋಚ್ಚ ನ್ಯಾಯಾಲಯವೇ ಇದನ್ನು ಒಪ್ಪಿದೆ. ಸಾಮಾನ್ಯ ಸರ್‌ನೇಮ್ ಆದರೆ ಬದಲಾಗುವುದಿಲ್ಲ. ನಿಮ್ಮ ಮುಖ್ಯಸ್ಥರ ಹೆಂಡತಿ ಮತ್ತು ಮಗಳು ಗುರುತಿನ ಚೀಟಿಯಲ್ಲಿ ‘ಮಾರ್ಕ್‌ಗ್ರಾಫ್’ ಎಂದೇ ಇದ್ದರೆ ವಿಷಯ ಅಲ್ಲಿಗೆ ಇತ್ಯರ್ಥ. ಪತ್ರದಲ್ಲಿ ‘ಜೇರ್ ಗೆಏರ್ಟರ್ ಹೆರ್ ಮಾರ್ಕ್‌ಗ್ರಾಫ್’, ಅವರ ಹೆಂಡತಿಗಾದರೆ ‘ಜೇರ್ ಗೆಏರ್ಟೆ ಫ್ರಾವ್ ಮಾರ್ಕ್‌ಗ್ರಾಫ್’ ಎಂದು ಬರೆಯಿರಿ (ನಮ್ಮ ‘ಮಾನ್ಯ ಶ್ರೀ’, ‘ಮಾನ್ಯ ಶ್ರೀಮತಿ’ ಇದ್ದ ಹಾಗೆ). ‘ಹೆರ್’ ಬಿಟ್ಟು ಬರೀ ‘ಮಾರ್ಕ್‌ಗ್ರಾಫ್’ ಎಂದು ಶುರು ಮಾಡಬೇಡಿ. ‘ಹೆರ್’ ಬಿಡುವುದು ಪದವಿ ಇರುವವರಿಗೆ ಮಾತ್ರ ಇರುವ ಹಳೆಯ ರೂಢಿ; ಸಾಮಾನ್ಯರಿಗೆ ಹಾಗೆ ಬರೆದರೆ ಒರಟಾಗಿ ಕೇಳಿಸುತ್ತದೆ.

ಮಗಳ ಹುಡುಕಾಟಕ್ಕೆ ಬರೋಣ. ಮೊದಲ ನಿಯಮ: ಇವತ್ತಿನಿಂದ ಹಿಂದಕ್ಕೆ ನಡೆಯಬೇಕು, ಹಳೆಯ ಮಾರ್ಕ್‌ಗ್ರಾಫ್ ಒಬ್ಬನನ್ನು ಆರಿಸಿಕೊಂಡು ಅವನಿಂದ ಕೆಳಕ್ಕೆ ಇಳಿಯಬಾರದು. ಹಾಗೆ ಇಳಿದವರು ಯಾವುದಾದರೊಂದು ತಲೆಮಾರಿನಲ್ಲಿ ಸಾಕ್ಷಿ ಇಲ್ಲದ ಕೊಂಡಿ ಹಾಕಿಯೇ ಹಾಕುತ್ತಾರೆ. ಅಪ್ಪ, ಅಜ್ಜ, ಮುತ್ತಜ್ಜರ ಜನನ, ಮದುವೆ, ಮರಣದ ಪ್ರಮಾಣಪತ್ರ ಮೊದಲು ಕೂಡಿಸಲಿ. ಸರ್ಕಾರಿ ನೋಂದಣಿ ಪ್ರಶ್ಯದಲ್ಲಿ 1874ರ ಅಕ್ಟೋಬರ್ 1ರಿಂದ, ಇಡೀ ಜರ್ಮನಿಯಲ್ಲಿ 1876ರ ಜನವರಿ 1ರಿಂದ ಇದೆ. ಬಾಡೆನ್‌ನಲ್ಲಿ ಅದಕ್ಕೂ ಮುಂಚೆ, 1870ರಲ್ಲೇ ಶುರುವಾಯಿತು. ನೋಂದಣಿ ಕಚೇರಿ ಜನನದ ಪುಸ್ತಕವನ್ನು 110 ವರ್ಷ, ಮದುವೆಯದನ್ನು 80 ವರ್ಷ, ಮರಣದ್ದನ್ನು 30 ವರ್ಷ ತನ್ನ ಬಳಿ ಇಟ್ಟುಕೊಂಡು ಆಮೇಲೆ ಪತ್ರಾಗಾರಕ್ಕೆ ಕೊಡುತ್ತದೆ. ಆ ಅವಧಿಯೊಳಗಿನ ದಾಖಲೆ ಬೇಕಿದ್ದರೆ ನೇರ ವಂಶಸ್ಥರು ಎಂದು ತೋರಿಸಿ ಕಚೇರಿಗೆ ಬರೆಯಬೇಕು. ದಾಟಿದ್ದರೆ ಪತ್ರಾಗಾರದಲ್ಲಿ ಯಾರು ಬೇಕಾದರೂ ನೋಡಬಹುದು. ಇದು ತಿಳಿಯದೆ ತಪ್ಪು ಕಚೇರಿಗೆ ಬರೆದು ತಿಂಗಳುಗಟ್ಟಲೆ ಕಾಯುವವರು ಬಹಳ.

ಅದರ ಹಿಂದಕ್ಕೆ ಚರ್ಚಿನ ಪುಸ್ತಕಗಳೇ ಗತಿ. ಕ್ಯಾಥೊಲಿಕ್ ಚರ್ಚು 1563ರ ಟ್ರೆಂಟ್ ಸಭೆಯ ನಂತರ ದೀಕ್ಷಾಸ್ನಾನ ಮತ್ತು ಮದುವೆಯ ದಾಖಲೆ ಕಡ್ಡಾಯ ಮಾಡಿತು. ಪ್ರಾಟೆಸ್ಟೆಂಟ್ ನಾಡುಗಳಲ್ಲಿ ಕೆಲವೆಡೆ ಅದಕ್ಕೂ ಮೊದಲೇ ಇವೆ. ಆನ್ಸ್‌ಬಾಖ್ ಸೀಮೆಯಲ್ಲಿ ಮಾರ್ಕ್‌ಗ್ರಾಫ್ ಗೆಯೋರ್ಗ್ ಹೊರಡಿಸಿದ 1533ರ ಚರ್ಚ್ ಕಟ್ಟಳೆಯಲ್ಲೇ ಆ ಮಾತಿದೆ. ಪ್ರಾಟೆಸ್ಟೆಂಟ್ ಪುಸ್ತಕಗಳಿಗೆ ‘ಆರ್ಖಿಯೋನ್’ ತಾಣವಿದೆ, ಹಣ ಕಟ್ಟಬೇಕು. ಕ್ಯಾಥೊಲಿಕ್ ಪುಸ್ತಕಗಳಿಗೆ ‘ಮಾಟ್ರಿಕುಲಾ’, ಉಚಿತ. ಮನೆತನ ಬಾಡೆನ್ ಸೀಮೆಯದೇ ಆಗಿದ್ದರೆ 1810ರಿಂದ 1870ರವರೆಗಿನ ಚರ್ಚ್ ದಾಖಲೆಗಳ ನಕಲುಪ್ರತಿಗಳನ್ನು ರಾಜ್ಯ ಪತ್ರಾಗಾರ ಉಚಿತವಾಗಿ ಜಾಲದಲ್ಲಿ ಹಾಕಿದೆ. ಅಲ್ಲಿಂದ ಶುರು ಮಾಡುವುದು ಎಲ್ಲಕ್ಕಿಂತ ಸುಲಭ. ಬರವಣಿಗೆ ‘ಕುರೆಂಟ್’ ಎಂಬ ಹಳೆಯ ಮೋಡಿಯಲ್ಲಿರುತ್ತದೆ, ಇಂದಿನ ಜರ್ಮನರಿಗೂ ಕಲಿಯದೆ ಓದಲು ಬಾರದು. 1618ರಿಂದ 1648ರವರೆಗಿನ ಮೂವತ್ತು ವರ್ಷದ ಯುದ್ಧದಲ್ಲಿ ಸುಟ್ಟ ಪುಸ್ತಕಗಳು ಎಷ್ಟೋ. ಹಲವು ಊರುಗಳಲ್ಲಿ ದಾರಿ ಅಲ್ಲಿಗೇ ನಿಲ್ಲುತ್ತದೆ.

ಈ ಪುಸ್ತಕಗಳಲ್ಲಿ ಮಾರ್ಕ್‌ಗ್ರಾಫ್ ಹೆಸರಿನವರನ್ನೇ ಬೀಳಿಸುವ ಎರಡು ಗುಂಡಿಗಳಿವೆ. ಹದಿನೆಂಟನೇ ಶತಮಾನದವರೆಗೂ ಪಾದ್ರಿಗಳು ಹೆಂಗಸರ ಸರ್‌ನೇಮ್‌ಗೆ ‘ಇನ್’ ಪ್ರತ್ಯಯ ಸೇರಿಸುತ್ತಿದ್ದರು. ಮ್ಯುಲರ್‌ನ ಮಗಳು ಮ್ಯುಲರಿನ್. ಅದೇ ರೀತಿ ಹಾನ್ಸ್ ಮಾರ್ಕ್‌ಗ್ರಾಫ್ ಎಂಬ ನೇಕಾರನ ಮಗಳು ‘ಆನ್ನಾ ಮಾರಿಯಾ ಮಾರ್ಕ್‌ಗ್ರೇಫಿನ್’. ಮೇಲೆ ಹೇಳಿದ ಇಂದಿನ ಗುರುತು ಇಲ್ಲಿ ಪೂರ್ತಿ ತಿರುಗುಮುರುಗು. ಇದನ್ನು ಕಂಡು ‘ನಮ್ಮ ಅಜ್ಜಿ ರಾಣಿ’ ಎಂದು ವಂಶವೃಕ್ಷದಲ್ಲಿ ಬರೆದವರಿದ್ದಾರೆ. ಅದೇ ಪುಟದ ಬೇರೆ ಹೆಂಗಸರ ಹೆಸರು ನೋಡಿ. ಎಲ್ಲದರ ಕೊನೆಯಲ್ಲೂ ‘ಇನ್’ ಇದ್ದರೆ ಅನುಮಾನ ಬೇಡ. ಎರಡನೆಯ ಗುಂಡಿ ‘ಮಾರ್ಗ್‌ಗ್ರೇಫ್ಲ್.’ ಎಂಬ ಸಂಕ್ಷೇಪ. ಅದು ಮಾರ್ಕ್‌ಗ್ರೇಫ್ಲಿಖ್, ಅಂದರೆ ‘ಮಾರ್ಕ್‌ಗ್ರಾಫ್ ದೊರೆಯ ಸರ್ಕಾರದ’. ‘ಯೋಹಾನ್ ಶ್ಮಿಟ್, ಮಾರ್ಗ್‌ಗ್ರೇಫ್ಲ್. ಯೇಗರ್’ ಎಂದಿದ್ದರೆ ದೊರೆಯ ಬೇಟೆಗಾರನಾದ ಯೋಹಾನ್ ಶ್ಮಿಟ್ ಎಂದರ್ಥ. ಅದನ್ನು ಸರ್‌ನೇಮ್ ಎಂದು ಸೂಚಿಗೆ ಹಾಕಿದ ಪಟ್ಟಿಗಳು ಉಂಟು. ಹಾಗಾಗಿ ಸೂಚಿಯಲ್ಲಿ ಹೆಸರು ಸಿಕ್ಕಿತು ಅಂತ ನಿಲ್ಲಿಸದೆ ಮೂಲ ಪುಟದ ಚಿತ್ರ ತೆಗೆದು ಓದಬೇಕು.

ಕಾಗುಣಿತ ಹಳೆಯ ದಾಖಲೆಯಲ್ಲಿ ಸ್ಥಿರವಲ್ಲ. ಕೆ ಇರುವಲ್ಲಿ ಜಿ, ಕೆಗೆ ಮೊದಲು ಒಂದು ಸಿ, ಕೊನೆಗೆ ಎರಡು ಎಫ್ ಅಥವಾ ವಿ, ಕೆ ಬಿಟ್ಟೇ ಹೋಗಿರುವುದು, ಎಲ್ಲ ಬರುತ್ತವೆ. ಒಬ್ಬನೇ ಮನುಷ್ಯ ತನ್ನ ಮೂರು ಮಕ್ಕಳ ದಾಖಲೆಯಲ್ಲಿ ಮೂರು ಬಗೆ ಇರಬಹುದು. ಇದಕ್ಕೆ ಜರ್ಮನ್ ವಂಶಾವಳಿ ತಾಣಗಳು ‘ಕ್ಯೋಲ್ನರ್ ಫೋನೆಟಿಕ್’ ಎಂಬ ಉಚ್ಚಾರದ ಸಂಕೇತ ಬಳಸುತ್ತವೆ, 1969ರಲ್ಲಿ ಪ್ರಕಟವಾದ ವಿಧಾನ. ಪ್ರತಿ ಅಕ್ಷರಕ್ಕೆ ಒಂದು ಅಂಕಿ: ಎಂ 6, ಆರ್ 7, ಕೆ ಮತ್ತು ಜಿ 4, ಎಫ್ ಮತ್ತು ವಿ 3, ಸ್ವರಗಳು 0. ಒತ್ತಿಗೆ ಬಂದ ಒಂದೇ ಅಂಕಿಯನ್ನು ಒಂದಾಗಿಸಿ, ಆಮೇಲೆ ಮೊದಲನೆಯದಲ್ಲದ ಸೊನ್ನೆ ತೆಗೆಯಬೇಕು. ಮಾರ್ಕ್‌ಗ್ರಾಫ್ 60744703, ಒಂದಾಗಿಸಿದರೆ 6074703, ಸೊನ್ನೆ ಹೋದರೆ 67473. ಎರಡು ಜಿ ಇರುವ ಮಾರ್ಗ್‌ಗ್ರಾಫ್, ಒಂದೇ ಜಿ ಇರುವ ಮಾರ್ಗ್ರಾಫ್, ಸಿ ಮತ್ತು ಕೆ ಜೊತೆಗಿರುವ ರೂಪ ಎಲ್ಲವೂ 67473ಕ್ಕೇ ಬೀಳುತ್ತವೆ, ಒಂದೇ ಹುಡುಕಾಟದಲ್ಲಿ ಸಿಗುತ್ತವೆ. ಆದರೆ ಕೆ ಇಲ್ಲದೆ ಬರೀ ಸಿ ಇರುವ, ಬ್ರೆಜಿಲ್‌ಗೆ ಹೋದ ಗೆಯೋರ್ಗ್‌ನ ಹೆಸರಿನಂಥ ರೂಪ ತಪ್ಪಿಸಿಕೊಳ್ಳುತ್ತದೆ: ಜಿಗೆ ಮೊದಲು ಬಂದ ಸಿಗೆ ಈ ವಿಧಾನ 8 ಕೊಡುತ್ತದೆ, ಸಂಕೇತ 678473 ಆಗಿಬಿಡುತ್ತದೆ. ಆ ರೂಪವನ್ನೂ, ಲ್ಯಾಟಿನ್‌ನಲ್ಲಿ ಬರೆಯುವ ಪಾದ್ರಿಗಳು ಬಳಸಿರಬಹುದಾದ ‘ಮಾರ್ಖಿಯೊ’ ರೂಪವನ್ನೂ ಬೇರೆಯಾಗಿ ಹುಡುಕಬೇಕು.

ಮನೆತನದ ಲಾಂಛನ ಮಾರುವ ಅಂಗಡಿ, ತಾಣಗಳಿಗೆ ಹಣ ಕೊಡಬೇಡಿ. ಲಾಂಛನ ಒಂದು ವಂಶಕ್ಕೆ ಸೇರಿದ್ದು, ಸರ್‌ನೇಮ್‌ಗೆ ಸೇರಿದ್ದಲ್ಲ. ಇನ್ನೊಬ್ಬ ಮಾರ್ಕ್‌ಗ್ರಾಫ್‌ನ ಲಾಂಛನ ನಿಮ್ಮ ಮುಖ್ಯಸ್ಥರದಾಗುವುದಿಲ್ಲ. ಹಳೆಯ ಕಾಲದ ಪಟ್ಟಣದ ವ್ಯಾಪಾರಿಗಳೂ ಕುಶಲಕರ್ಮಿಗಳೂ ಲಾಂಛನ ಇಟ್ಟುಕೊಳ್ಳುತ್ತಿದ್ದರು, ಆದ್ದರಿಂದ ಲಾಂಛನ ನಿಜವಾಗಿಯೂ ಸಿಕ್ಕರೂ ಅದು ಕುಲೀನತೆಯ ಸಾಕ್ಷಿಯಲ್ಲ.

ಸರ್‌ನೇಮ್ ಯಾವ ಸೀಮೆಯಲ್ಲಿ ದಟ್ಟವಾಗಿದೆ ಎಂದು ನೋಡಲು ಮೈಂಟ್ಸ್ ಅಕಾಡೆಮಿಯ ಜಾಲನಿಘಂಟು, ಜರ್ಮನಿಯ ಡಿಜಿಟಲ್ ಕುಲನಾಮ ಕೋಶ, ನಂಬಬಹುದಾದದ್ದು. ಅದರ ನಕ್ಷೆಗಳು 2005ರ ಟೆಲಿಫೋನ್ ಸಂಪರ್ಕಗಳ ಲೆಕ್ಕದ ಮೇಲೆ ನಿಂತಿವೆ. ಎರಡನೇ ಮಹಾಯುದ್ಧದ ನಂತರ ಲಕ್ಷಾಂತರ ಜನ ಪೂರ್ವದಿಂದ ಪಶ್ಚಿಮಕ್ಕೆ ಬಂದದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಬೇಕು. ಇಂದು ಕಾರ್ಲ್ಸ್‌ರೂಹೆಯಲ್ಲಿರುವ ಮಾರ್ಕ್‌ಗ್ರಾಫ್ ಮನೆತನದ ಅಜ್ಜ ಸಿಲೇಸಿಯದಿಂದ ಬಂದಿರಬಹುದು. ಆಗ ಬಾಡೆನ್ ದೊರೆಗಳ ಜೊತೆ ಸಂಬಂಧದ ಮಾತೇ ಬರುವುದಿಲ್ಲ.

ಮನೆತನ ನಿಜಕ್ಕೂ ಬಾಡೆನ್ ಹಳ್ಳಿಯದೇ ಎಂದು ಚರ್ಚ್ ಪುಸ್ತಕ ತೋರಿಸಿದರೆ ಮಾತ್ರ ಮುಂದಿನ ಕೆಲಸ ನಿಮ್ಮ ಊರಿನಲ್ಲೇ ಇದೆ. ಕಾರ್ಲ್ಸ್‌ರೂಹೆಯ ಗೆನೆರಾಲ್‌ಲಾಂಡೆಸ್‌ಆರ್ಖೀವ್‌ನಲ್ಲಿ ಮಾರ್ಕ್‌ಗ್ರಾಫ್‌ಗಳ ಕಾಲದ ಜಮೀನು ಪುಸ್ತಕಗಳಿವೆ, ‘ಬೆರೈನ್’ ಎನ್ನುತ್ತಾರೆ, ವಿಭಾಗ 66. ಯಾವ ಹೊಲ ಯಾರ ಕೈಯಲ್ಲಿತ್ತು, ಅದರ ಗೇಣಿ ಯಾವ ಒಡೆಯನಿಗೆ ಸಲ್ಲುತ್ತಿತ್ತು ಎಂದು ಊರೂರಿಗೆ ಬರೆದಿಟ್ಟಿದ್ದಾರೆ. ಅಲ್ಲಿ ಆ ಮನೆಯ ಹಿರಿಯನೊಬ್ಬ ದೊರೆಯ ಜಮೀನಿಗೆ ಗೇಣಿ ಕಟ್ಟಿದ ಸಾಲು ಸಿಕ್ಕಿ, ಸುತ್ತಲಿನವರೆಲ್ಲ ಬೇರೆ ಒಡೆಯರ ಒಕ್ಕಲಾಗಿದ್ದರೆ, ಹೆಸರು ಹುಟ್ಟಿದ ಕಾರಣಕ್ಕೆ ಅದಕ್ಕಿಂತ ಹತ್ತಿರದ ಸಾಕ್ಷಿ ಸಿಗುವುದು ಕಷ್ಟ. ಹೋಗುವ ಮೊದಲು ಊರಿನ ಹೆಸರು ಮತ್ತು ಸುಮಾರು ವರ್ಷ ಗೊತ್ತಿರಲಿ. ಬರೀ ಸರ್‌ನೇಮ್ ಹೇಳಿಕೊಂಡು ಹೋದರೆ ಆ ಪುಸ್ತಕಗಳಲ್ಲಿ ಏನೂ ಹುಡುಕಲಾಗದು.